ಸತ್ಯಾಂಶ: ಪಿಆರ್ (ಕಾಯಂ ನಿವಾಸಿ) ಕಾರ್ಡಿನ ಅವಧಿ ಮುಗಿದರೆ ಕೆನಡಾದ ಬಾಗಿಲು ಮುಚ್ಚುವುದಿಲ್ಲ

‘ಪಿಆರ್ ಕಾರ್ಡಿನ ಅವಧಿ ಮುಗಿದ ದಿನವೇ ಕೆನಡಾದ ಕಾಯಂ ನಿವಾಸ ರದ್ದು, ಊರಿನಲ್ಲಿ ಉಳಿದ ಹೆಂಡತಿ, ಮಕ್ಕಳಿಗೆ ಮೊದಲಿನಿಂದ ಅರ್ಜಿ ಹಾಕಬೇಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಕಾರ್ಡಿನ ಮೇಲಿನ ದಿನಾಂಕ ಕಾರ್ಡಿಗೆ ಮಾತ್ರ ಅನ್ವಯಿಸುತ್ತದೆ. ನಿವಾಸದ ಹಕ್ಕು ತಾನಾಗಿಯೇ ಹೋಗುವುದಿಲ್ಲ, ಅದಕ್ಕೆ ಕಾನೂನುಬದ್ಧ ತೀರ್ಮಾನವೋ ಸ್ವಂತ ಇಚ್ಛೆಯ ತ್ಯಾಗವೋ ಬೇಕು. ತೊಡಕಿರುವುದು ವಿಮಾನ ಏರುವಲ್ಲಿ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಅವಧಿ ಮೀರಿದ ಕಾರ್ಡು ತೋರಿಸಿದರೆ ಬೋರ್ಡಿಂಗ್ ಪಾಸ್ ಸಿಗದು. ಆದ್ದರಿಂದ ಹೊರಗಿರುವವರು ಕಾಯಂ ನಿವಾಸಿಗಳ ಪ್ರಯಾಣ ದಾಖಲೆಗೆ ಅರ್ಜಿ ಸಲ್ಲಿಸಬೇಕು. ಮಕ್ಕಳಿಗೂ ಪ್ರತ್ಯೇಕ ಅರ್ಜಿಯೇ.

ಆಗ ಅಧಿಕಾರಿಗಳು ನೋಡುವುದು ಕಾರ್ಡನ್ನಲ್ಲ, ದಿನಗಳ ಲೆಕ್ಕವನ್ನು: ಕಳೆದ 5 ವರ್ಷಗಳಲ್ಲಿ ಕನಿಷ್ಠ 730 ದಿನ ಕೆನಡಾದಲ್ಲಿ ಇದ್ದಿರಬೇಕು. ಕೆನಡಾ ಪೌರತ್ವವುಳ್ಳ ಪತಿ ಅಥವಾ ಪತ್ನಿಯ ಜತೆಯಲ್ಲಿ ಹೊರದೇಶದಲ್ಲಿ ಕಳೆದ ದಿನಗಳೂ ಇದರಲ್ಲಿ ಸೇರುತ್ತವೆ. ಆದರೆ ಪತಿ ಟೊರಾಂಟೊದಲ್ಲಿ, ಪತ್ನಿ ಮೈಸೂರಿನಲ್ಲಿ ಇದ್ದರೆ ಆ ದಿನಗಳು ಸೇರುವುದಿಲ್ಲ. ಹಲವರು ಎಡವುವುದು ಇಲ್ಲಿಯೇ. ದಿನಗಳು ಕಡಿಮೆ ಬಿದ್ದರೂ ಕಾಯಿಲೆಬಿದ್ದ ಪೋಷಕರ ಆರೈಕೆ, ಮಕ್ಕಳ ಹಿತ ಮುಂತಾದ ಮಾನವೀಯ ಕಾರಣಗಳನ್ನು ದಾಖಲೆಸಹಿತ ಮಂಡಿಸಬಹುದು. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ 60 ದಿನಗಳ ಕಾಲಾವಕಾಶವಿದೆ.