ವೇಗಕ್ಕೂ ಕಾಮಕ್ಕೂ ನೇರ ನಂಟಿಲ್ಲ: ಒಂದು ಸ್ಪಷ್ಟನೆ

‘ಬೈಕ್ ಜೋರಾಗಿ ಓಡಿಸಿದರೆ ಹಿಂದೆ ಕೂತವರಿಗೆ ಕಾಮ ಕೆರಳುತ್ತದೆ, ವಿಜ್ಞಾನವೇ ಹೇಳಿದೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ವೇಗಕ್ಕೆ ಎದೆ ಡವಡವ ಅನ್ನುತ್ತದೆ, ಅಂಗೈ ಬೆವರುತ್ತದೆ. ಬರೀ ಭಯಕ್ಕೂ ಹಾಗೇ ಆಗುತ್ತದೆ ಅಲ್ವಾ? ಹೆದರಿ ಸೊಂಟ ಬಿಗಿಯಾಗಿ ಹಿಡಿದುಕೊಂಡರೆ ಅದು ಆಸೆಯಲ್ಲ, ದಯವಿಟ್ಟು ನಿಧಾನ ಮಾಡಿ.

ಜನ ತೋರಿಸುವುದು 1974ರ ಪ್ರಯೋಗವನ್ನು. ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯಲ್ಲಿ ಯುವತಿಯೊಬ್ಬಳು ಗಂಡಸರಿಗೆ ಫೋನ್ ನಂಬರ್ ಕೊಟ್ಟಳು. ನಂಬರ್ ಪಡೆದ 18 ಜನರಲ್ಲಿ 9 ಮಂದಿ ಆಮೇಲೆ ಫೋನ್ ಮಾಡಿದರು. ಅಲುಗಾಡದ ಸೇತುವೆಯಲ್ಲಿ 16ರಲ್ಲಿ 2 ಮಂದಿ. ತೂಗುಸೇತುವೆಯಲ್ಲಿದ್ದದ್ದು ಎತ್ತರದ ಭಯ, ವೇಗವಲ್ಲ.

2003ರ ರೋಲರ್ ಕೋಸ್ಟರ್ ಅಧ್ಯಯನದಲ್ಲಿ, ಇಳಿದು ಬಂದವರಿಗೆ ಫೋಟೋದಲ್ಲಿದ್ದ ಅಪರಿಚಿತರು ಜಾಸ್ತಿ ಚೆಂದ ಕಂಡರು, ಅಷ್ಟೇ. ಸಂಗಾತಿ ಜೊತೆ ಕೂತಿದ್ದವರಲ್ಲಿ ಅದೂ ಕಾಣಲಿಲ್ಲ.