ಸುಣ್ಣ ಹಾಕಿದರೆ ಗೊಬ್ಬರ ಬೇಡವೇ? ಒಂದು ಸ್ಪಷ್ಟನೆ
"ತೋಟಕ್ಕೆ ಸುಣ್ಣ ಹಾಕಿದರೆ ಗೊಬ್ಬರದ ಖರ್ಚೇ ಇಲ್ಲ, ಎಷ್ಟು ಸುರಿದರೂ ತೊಂದರೆಯಿಲ್ಲ" ಎಂಬ ಸಂದೇಶ ಶಿರಸಿ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ನಮ್ಮ ಮಳೆಗೆ ಮಣ್ಣಿನ ಕ್ಯಾಲ್ಸಿಯಂ ತೊಳೆದುಹೋಗಿ ಹುಳಿ ಜಾಸ್ತಿಯಾಗುತ್ತದೆ, ನಿಜ. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಸೇರಿ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಣ್ಣ ಹುಳಿ ತಗ್ಗಿಸಿ ಆ ಹಿಡಿತ ಸಡಿಲಿಸುತ್ತದೆ, ಹಾಕಿದ ಗೊಬ್ಬರ ಅಡಿಕೆಗೆ ಸಿಗುತ್ತದೆ. ಉಳಿತಾಯ ಅಷ್ಟೇ. ಸಾರಜನಕ, ಪೊಟ್ಯಾಷ್ ಸುಣ್ಣದಲ್ಲಿ ಇಲ್ಲವಲ್ಲ! ಸುಮ್ನೆ ಜಾಸ್ತಿ ಸುರಿದರೆ ಸತು, ಬೋರಾನ್ ಗಿಡಕ್ಕೆ ಸಿಗುವುದಿಲ್ಲ. ಯೂರಿಯಾ ಜೊತೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ದುಡ್ಡೂ ಅದರ ಹಿಂದೆಯೇ.

ಜಾಸ್ತಿ ಸುರಿದರೆ ವಾತಾವರಣಕ್ಕೂ ಒಳ್ಳೆಯದಲ್ಲ: ಒಂದು ಟನ್ ಶುದ್ಧ ಸುಣ್ಣಕಲ್ಲಿನ ಪುಡಿಯಿಂದ 440 ಕಿಲೋವರೆಗೆ ಇಂಗಾಲದ ಡೈಆಕ್ಸೈಡ್ ಹೊರಬೀಳಬಹುದು. ಮಣ್ಣು ಪರೀಕ್ಷೆ ಹೇಳಿದಷ್ಟೇ ಹಾಕಿ. ಕರಾವಳಿಯ ಸುಟ್ಟ ಚಿಪ್ಪಿನ ಸುಣ್ಣವಾದರೆ ಇನ್ನೂ ಕಡಿಮೆ ಸಾಕು.