ಎಲ್‌ಇಡಿ ಗೆದ್ದಿತು, ಹೋಲ್ಡರ್ ಸೋಲಬಾರದು

ದೀಪದ ಮಾರುಕಟ್ಟೆಯಲ್ಲಿ ಎಲ್‌ಇಡಿ ಗೆದ್ದಾಯಿತು. ಗೆದ್ದ ದಾರಿ ಮಾತ್ರ ನಮ್ಮಲ್ಲೊಂದು, ನಾನಿರುವ ಜರ್ಮನಿಯಲ್ಲೊಂದು. ಯುರೋಪ್ ಒಕ್ಕೂಟ ಕಾನೂನು ಮಾಡಿ ಹಳೆಯ ದೀಪಗಳನ್ನು ಅಂಗಡಿಯಿಂದ ಕಳಿಸಿತು: 2009ರಿಂದ 2012ರೊಳಗೆ ಬುರುಡೆ ಬಲ್ಬು, 2018ರಲ್ಲಿ ಮನೆಬಳಕೆಯ ಹ್ಯಾಲೊಜನ್ ಬಲ್ಬು, 2023ರಲ್ಲಿ ಟಿ8 ಎಂಬ ಅಳತೆಯ ಫ್ಲೊರೆಸೆಂಟ್ ಟ್ಯೂಬ್‌ಲೈಟು. ಭಾರತದಲ್ಲಿ ಕೆಲಸ ಮಾಡಿದ್ದು ಬೆಲೆ. 2015ರಲ್ಲಿ ಶುರುವಾದ, ಅಗ್ಗದ ಎಲ್‌ಇಡಿ ಹಂಚುವ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯ ಸಗಟು ಖರೀದಿಯಿಂದ, 300 ರೂಪಾಯಿ ದಾಟಿದ್ದ ಬಲ್ಬಿನ ಖರೀದಿ ದರ 40ರ ಆಸುಪಾಸಿಗೆ ಇಳಿಯಿತು. 60 ವ್ಯಾಟಿನ ಬುರುಡೆಯ ಜಾಗಕ್ಕೆ 9 ವ್ಯಾಟಿನದು ಬಂತು. ಹೋಲ್ಡರ್ ಹಾಗೇ ಉಳಿಯಿತು.

ಬಣ್ಣದಲ್ಲೂ ರುಚಿ ಬೇರೆ. ಟ್ಯೂಬ್‌ಲೈಟಿಗೆ ಒಗ್ಗಿದ ನಮಗೆ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಾಲುಬಿಳಿ ಬೇಕು, ಇಲ್ಲಿಯವರಿಗೆ 2700ರ ಹಳದಿ. ಹಳದಿಯೆಂದರೆ ಮಂಕು ಅನ್ನುವುದು ತಪ್ಪು; ಪೆಟ್ಟಿಗೆಯ ಮೇಲಿನ ಲ್ಯೂಮೆನ್, ಅಂದರೆ ಬೆಳಕಿನ ಪ್ರಮಾಣ, ನೋಡಿದರೆ ವ್ಯತ್ಯಾಸ ಸ್ವಲ್ಪವೇ. ಮಲಗುವ ಕೋಣೆಗೆ ಇಲ್ಲಿಯವರ ಆಯ್ಕೆಯೇ ಸರಿ. ಅಡುಗೆಮನೆಗೆ 4000 ಸಾಕು.

ಬಲ್ಬು ವರ್ಷಗಟ್ಟಲೆ ಬಾಳಿದರೆ ಬದಲಿ ಬಲ್ಬಿಗೆ ಗಿರಾಕಿ ಕಡಿಮೆ. ಹಾಗಾಗಿ ಕಂಪನಿಗಳ ಕಣ್ಣು ದೀಪವೂ ಕವಚವೂ ಒಂದೇ ಆದ ಫಿಟ್ಟಿಂಗ್ ಮೇಲೆ. ಯುರೋಪಿನಲ್ಲಿ ಇದು ಆಗಲೇ ಮಾಮೂಲು, ನಮ್ಮ ಹೊಸ ಫ್ಲ್ಯಾಟುಗಳ ಫಾಲ್ಸ್ ಸೀಲಿಂಗಿಗೂ ಬಂದಿದೆ. ನನ್ನ ತಕರಾರು ಇರುವುದು ಇಲ್ಲೇ. ಕೆಡುವುದು ಹೆಚ್ಚಾಗಿ ಬೆಳಕು ಕೊಡುವ ಎಲ್‌ಇಡಿ ಚಿಪ್ ಅಲ್ಲ, ಅದಕ್ಕೆ ತಕ್ಕ ಕರೆಂಟು ಒದಗಿಸುವ ಡ್ರೈವರ್. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ, ಒಳಗೆ ದ್ರವವಿರುವ ಬಿಡಿಭಾಗ) ಶಾಖಕ್ಕೆ ಒಣಗುತ್ತದೆ; ಸುಮಾರು 10 ಡಿಗ್ರಿ ಶಾಖ ಏರಿದರೆ ಆಯಸ್ಸು ಅರ್ಧ. ಗಾಳಿಯಾಡದ ಗಾಜಿನ ಗುಂಡಿನೊಳಗೆ ಹಾಕಿದ ಬಲ್ಬು ಬೇಗ ಸಾಯುವುದು ಇದಕ್ಕೇ. ನಮ್ಮಲ್ಲಿ ಇದರ ಜೊತೆಗೆ ವೋಲ್ಟೇಜಿನ ಏರಿಳಿತದ ಕಾಟ ಬೇರೆ.

ಹೋಲ್ಡರಿನಲ್ಲಾದರೆ ಬಲ್ಬು ತಿರುಗಿಸಿ ತೆಗೆದರೆ ಮುಗಿಯಿತು. ಒಂದೇ ತುಂಡಿನ ಪ್ಯಾನಲ್ ಆದರೆ ಇಡೀ ಫಿಟ್ಟಿಂಗ್ ಕಸಕ್ಕೆ, ಆಮೇಲೆ ಅದೇ ಅಳತೆಯ ತೂತಿಗೆ ಹೊಂದುವ ಇನ್ನೊಂದನ್ನು ಹುಡುಕಬೇಕು. ಪ್ಯಾನಲ್ಲೇ ಬೇಕೆಂದರೆ ಡ್ರೈವರ್ ಹೊರಗಿದ್ದು, ಪಿನ್ನಿನಿಂದ ಕಳಚಬಹುದಾದದ್ದನ್ನು ಕೊಳ್ಳಿ. ಹಾಕಿಸುವ ಮೊದಲೇ ಡ್ರೈವರಿನ ಚೀಟಿಯ ಫೋಟೊ ತೆಗೆದಿಡಿ. ಅದರಲ್ಲಿ 300 ಮಿಲಿಆಂಪಿಯರ್, 30ರಿಂದ 42 ವೋಲ್ಟ್ ಎಂದಿದ್ದರೆ ಬದಲಿಯದೂ ಅದೇ 300 ಇರಬೇಕು, ವೋಲ್ಟಿನ ವ್ಯಾಪ್ತಿಯೂ ಹೊಂದಬೇಕು. ಕರೆಂಟು ಜಾಸ್ತಿ ಕೊಡುವ ಡ್ರೈವರ್ ಹಾಕಿದರೆ ಬೆಳಕೇನೋ ಜೋರಾಗುತ್ತದೆ, ಆದರೆ ಚಿಪ್ಪೇ ಸುಡುತ್ತದೆ.